ದೋಣಿ ಹತ್ತಲು ಅಪ್ಪಣೆ ಹೊಂದದ ಶಿಷ್ಯನು



ಶಿಷ್ಯನೆಂದರೆ ಗುರುವನ್ನು ಹಿಂಬಾಲಿಸುವವನೆಂದು ನಾವೆಲ್ಲರೂ ಬಲ್ಲೆವು. ಆದರೆ ಹಿಂಬಾಲಿಸಬೇಕೆಂದು ಬೇಡಿಕೊಂಡ ಒಬ್ಬನನ್ನು ಕರ್ತನು ತಾನೇ ತಡೆದು ಮನೆಗೆ ಕಳುಹಿಸಿದ ಸಂಗತಿಯು ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಉಂಟು. ಅದನ್ನು ಈ ತಿಂಗಳು ಧ್ಯಾನಿಸೋಣ.

ಗಲಿಲಾಯ ಸಮುದ್ರದ ಆಚೇ ದಡದಲ್ಲಿ, ದೆವ್ವಗಳ ದಂಡು ಹಿಡಿದಿದ್ದ ಮನುಷ್ಯನೊಬ್ಬನು ಗೋರಿಗಳ ನಡುವೆ ವಾಸಿಸುತ್ತಿದ್ದನು. ಬೇಡಿಗಳಾಗಲಿ ಸರಪಣಿಗಳಾಗಲಿ ಅವನನ್ನು ಹಿಡಿದಿಡಲಿಲ್ಲ. ಯೇಸುಸ್ವಾಮಿಯು ಅವನನ್ನು ಬಿಡಿಸಿ ಸ್ವಸ್ಥಮಾಡಿದನು. ಸುಮಾರು 2000 ಹಂದಿಗಳು ನೀರುಪಾಲಾದುದನ್ನು ಕೇಳಿದ ಊರಿನವರಾದರೋ ಭಯಪಟ್ಟು, ತಮ್ಮ ಸೀಮೆಯನ್ನು ಬಿಟ್ಟುಹೋಗಬೇಕೆಂದು ಕರ್ತನನ್ನು ಕೇಳಿಕೊಂಡರು. ಆತನು ದೋಣಿ ಹತ್ತುವಾಗ, ಸ್ವಸ್ಥನಾದವನು ತನ್ನನ್ನೂ ಜೊತೆಯಲ್ಲಿ ಸೇರಿಸಿಕೊಳ್ಳಬೇಕೆಂದು ಅಂಗಲಾಚಿದನು. ಆಶ್ಚರ್ಯವನ್ನು ನೋಡಿರಿ! ಹೋಗೆಂದವರ ಬೇಡಿಕೆ ನೆರವೇರಿತು. ಬರುತ್ತೇನೆಂದವನ ಬೇಡಿಕೆ ನೆರವೇರಲಿಲ್ಲ. ಮನೆಗೆ ಹೋಗಿ, ತನಗಾದ ಕರುಣೆಯನ್ನು ಸ್ವಂತ ಜನರಿಗೆ ತಿಳಿಸಬೇಕೆಂಬುದೇ ಅವನಿಗೆ ದೊರೆತ ಅಪ್ಪಣೆ.

ನಮ್ಮ ಮನಸ್ಸೂ ದೋಣಿಯನ್ನೇ ಬಯಸುತ್ತದೆ. ನಮ್ಮ ಹಿರಿಯರಲ್ಲಿ ಅನೇಕರು ದೀಕ್ಷಾಸ್ನಾನ ಹೊಂದಿದಾಗ ಮನೆಯನ್ನೂ ಕುಲವನ್ನೂ ಜೀವನೋಪಾಯವನ್ನೂ ಕಳಕೊಂಡರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಇಂಥವರ ಹೊಟ್ಟೆಪಾಡಿಗಾಗಿ ಮಗ್ಗಗಳನ್ನು ಇಟ್ಟರು. 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಆ ಆಶ್ರಯಕ್ಕಾಗಿ ದೇವರಿಗೆ ಸ್ತೋತ್ರವಾಗಲಿ. ಆದರೆ ಆಶ್ರಯದೊಳಗೆ ಬಾಗಿಲು ಮುಚ್ಚಿಕೊಂಡು, ಸುವಾರ್ತೆ ಸಾರುವುದು ಪಾದ್ರಿಗಳ ಕೆಲಸ, ಉಪದೇಶಿಗಳ ಕೆಲಸ ಎಂದು ನಾವು ಸುಮ್ಮನೆ ಕುಳಿತರೆ ಅದು ಶಿಷ್ಯತ್ವವೋ? 1914ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ, ಬಳಿಕ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ದೋಣಿ ಹೋಯಿತು, ಸಭೆಯು ದಡದಲ್ಲಿಯೇ ಉಳಿಯಿತು. ಆಗ ಮಂದೆಯನ್ನು ಕಾಯುವ ಭಾರವು ಈ ನಾಡಿನ ಬೋಧಕರ ಮತ್ತು ಸಭಾಹಿರಿಯರ ಹೆಗಲ ಮೇಲೆ ಬಿತ್ತು. ಅವರು ಅದನ್ನು ಹೊತ್ತರು.

ಸ್ವಂತ ಮನೆಯಲ್ಲಿ ಸಾಕ್ಷಿಯಾಗಿರುವುದೇ ಎಲ್ಲಕ್ಕಿಂತ ಕಷ್ಟ. ಯಾಕಂದರೆ ಮನೆಯವರು ನಮ್ಮ ಹಳೆಯ ನಡತೆಯನ್ನು ಬಲ್ಲರು. ಪರಸ್ಥಳದಲ್ಲಿ ಒಳ್ಳೇ ಮಾತು ಸಾಕಾದೀತು. ಮನೆಯಲ್ಲಿ ಒಳ್ಳೇ ನಡತೆಯೇ ಬೇಕು. ಸಾಯಂಕಾಲ ಗಡಂಗಿನ ದಾರಿ ಹಿಡಿಯುತ್ತಿದ್ದವನು ಕೂಲಿಯ ಹಣವನ್ನು ಹೆಂಡತಿಯ ಕೈಯಲ್ಲಿ ಇಡುವುದು ಒಂದು ಪ್ರಸಂಗವು. ಸೇರಿನಲ್ಲಿ ಅಳೆಯುವಾಗ ಕೈ ಓರೆಯಾಗದಿರುವುದು ಒಂದು ಪ್ರಸಂಗವು. ತನ್ನನ್ನು ಹೊಸ್ತಿಲಿಂದ ಹೊರಗೆ ಹಾಕಿದ ತಾಯಿ ಜ್ವರದಿಂದ ಮಲಗಿರುವಾಗ ಮಗಳು ಗಂಜಿ ಕೊಂಡುಹೋಗುವುದು ಮಹಾಪ್ರಸಂಗವು. ಇದಕ್ಕೆ ಸಂಬಳ ಬೇಡ, ಓದುಬರಹವೂ ಬೇಡ. ಆದರೆ ನಮ್ಮ ಸಭೆಯೊಳಗೇ ಹಿಂದಣ ಕುಲವನ್ನು ವಿಚಾರಿಸಿ ಊಟದ ಪಂಕ್ತಿಯಲ್ಲಿ ದೂರ ಸರಿದು ಕುಳಿತುಕೊಂಡರೆ, ನಾವು ಮಾಡುವ ಪ್ರಸಂಗವನ್ನು ನಾವೇ ಸುಳ್ಳುಮಾಡುತ್ತೇವೆ.

ಆ ಮನುಷ್ಯನು ಗೊಣಗುಟ್ಟಲಿಲ್ಲ. ಮನೆಗೆ ಮಾತ್ರವಲ್ಲ, ದೆಕಪೊಲಿಯೆಂಬ ಹತ್ತೂರುಗಳ ಸೀಮೆಯಲ್ಲೆಲ್ಲಾ ಸಾರಿದನು. ಕರ್ತನು ತಿರಿಗಿ ಅದೇ ಸೀಮೆಗೆ ಬಂದಾಗ, ಅಲ್ಲಿಯ ಜನರು ಕಿವುಡನೊಬ್ಬನನ್ನು ಆತನ ಬಳಿಗೆ ಕರತಂದರೆಂದು 7ನೆಯ ಅಧ್ಯಾಯವು ತಿಳಿಸುತ್ತದೆ. ಇದು ಅವನ ಸಾಕ್ಷಿಯ ಫಲವೇ ಎಂದು ಸುವಾರ್ತಿಕನು ಬರೆಯಲಿಲ್ಲ. ಆದರೂ ಒಮ್ಮೆ ಹೋಗೆಂದು ಬೇಡಿಕೊಂಡ ಸೀಮೆಯಲ್ಲಿ, ಮತ್ತೊಮ್ಮೆ ಕೈಯಿಡಬೇಕೆಂದು ಬೇಡಿಕೊಳ್ಳುವವರು ಸಿಕ್ಕಿದರು. ನಡುವೆ ಆ ದಡದಲ್ಲಿ ಒಬ್ಬ ಶಿಷ್ಯನಿದ್ದನು.

ಪ್ರಿಯರೇ, ನಮ್ಮೊಡನೆ ಮಾತುಬಿಟ್ಟಿರುವ ಬಂಧು ಯಾರು? ಯಾವ ಮನೆಯ ಬಾಗಿಲನ್ನು ನಾವು ಬಹುಕಾಲದಿಂದ ತಟ್ಟದೆ ಇದ್ದೇವೆ? ಈ ವಾರ ಆ ಹೆಸರನ್ನು ಹೇಳಿ ಪ್ರಾರ್ಥಿಸೋಣ. ಪ್ರಾರ್ಥಿಸಿ ಎದ್ದು ಹೋಗೋಣ. ದೋಣಿಯಲ್ಲಿದ್ದ ಕರ್ತನೇ ದಡದಲ್ಲಿಯೂ ನಮ್ಮೊಂದಿಗಿರುವನು. ಆಮೆನ್.