ಉಭಯ ಕುಶಲೋಪರಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಬರುತ್ತಿದ್ದ ಕಾರ್ಡುಗಳೆಲ್ಲ ‘ಉಭಯ ಕುಶಲೋಪರಿ’ ಎಂದೇ ಶುರುವಾಗುತ್ತಿದ್ದವು. ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ ಎಂಬ ಎರಡು ಸಾಲು ಮುಗಿದ ಮೇಲೆ ಎಷ್ಟೋ ಸಲ ಬೇರೆ ವಿಷಯವೇ ಇರುತ್ತಿರಲಿಲ್ಲ. ಏನೂ ಆಗಿಲ್ಲ ಎಂದು ತಿಳಿಸಲು ಹದಿನೈದು ಪೈಸೆ ಯಾಕೆ ದಂಡ ಎಂದು ನಾನು ನಗುತ್ತಿದ್ದೆ. ಆ ನಗೆಗೆ ಉತ್ತರ ಸಿಕ್ಕಿದ್ದು ಐವತ್ತು ದಾಟಿದ ಮೇಲೆ, ಅದೂ ಒಂದು ಕ್ಯಾಮೆರಾದಿಂದ.

ನನ್ನ ಅವ್ವ ಕಂಪ್ಲಿಯ ಹಳೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಎಂಬತ್ತು ದಾಟಿದೆ. ಹೊಸಪೇಟೆಗೆ ಬಾ ಎಂದರೆ, ‘ದೇವರ ದೀಪ ಯಾರು ಹಚ್ಚಬೇಕು?’ ಎನ್ನುತ್ತಾಳೆ. ನಡುವೆ ಇರುವುದು ಮೂವತ್ತು ಚಿಲ್ಲರೆ ಕಿಲೋಮೀಟರ್. ಆದರೆ ಶಾಲೆ, ಮನೆ, ಉತ್ತರಪತ್ರಿಕೆ ಎಂದು ನನಗೆ ತಿಂಗಳಿಗೊಮ್ಮೆ ಹೋಗುವುದೂ ಕಷ್ಟ. ನನ್ನ ಮಗ 2023ರಲ್ಲಿ ಅವ್ವನ ಪಡಸಾಲೆಗೆ ಒಂದು ಕ್ಯಾಮೆರಾ ಹಾಕಿಸಿದ. ಅದರ ಮುಂದೆ ಯಾರಾದರೂ ಸುಳಿದರೆ ಫೋಟೊ ಹಿಡಿದು ನನ್ನ ಫೋನಿಗೆ ಇಮೇಲ್ ಕಳಿಸುತ್ತದೆ.

ಅವ್ವ ಅದನ್ನು ತಲೆಯೆತ್ತಿ ನೋಡಿ, ‘ಇದು ಯಾರ ಕಣ್ಣವ್ವಾ?’ ಎಂದಳು. ‘ನಂದೇ ಅನ್ಕೊ’ ಎಂದೆ. ಅಂದಿನಿಂದ ಅದರ ಮುಂದೆ ಹಾಯುವಾಗ ಸೆರಗು ಸರಿಮಾಡಿಕೊಳ್ಳತೊಡಗಿದಳು. ತನ್ನ ಮನೆಯಲ್ಲೇ ಹಾಗೆ ಬದುಕುವುದು ಅವಳಿಗೆ ಹೇಗನ್ನಿಸುತ್ತದೆ ಎಂದು ನಾನು ಕೇಳಲಿಲ್ಲ. ಮುದುಕರ ಒಳ್ಳೆಯದಕ್ಕೆ ನಾವು ಮಾಡುವ ಎಷ್ಟೋ ಕೆಲಸಗಳಲ್ಲಿ ಅವರನ್ನು ಕೇಳುವುದೊಂದೇ ಬಿಟ್ಟುಹೋಗಿರುತ್ತದೆ.

ಬೆಳಗ್ಗೆ ಐದೂವರೆಗೆ ಅವ್ವ ಅಂಗಳಕ್ಕೆ ನೀರು ಹಾಕಲು ಹೊರಟರೆ ನನಗಿಲ್ಲಿ ಇಮೇಲ್ ಬರುತ್ತಿತ್ತು. ‘ಅವ್ವ ಎದ್ದಳು’ ಎಂದುಕೊಂಡು ಚಹಾಕ್ಕೆ ಇಡುತ್ತಿದ್ದೆ. ಮೊದಲು ರಾತ್ರಿ ಉಂಡ ಮೇಲೆ ತಪ್ಪದೆ ಫೋನ್ ಮಾಡುತ್ತಿದ್ದವಳು, ಹೇಗೂ ನೋಡುತ್ತಿದ್ದೇನಲ್ಲ ಎಂದು ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಮಾಡತೊಡಗಿದೆ. ಬೆಕ್ಕು ಹಾದರೂ ಇಮೇಲ್, ಕಾಗೆ ಕೂತರೂ ಇಮೇಲ್, ಬೇವಿನ ನೆರಳು ಅಲುಗಿದರೂ ಇಮೇಲ್. ಪಾಠದ ನಡುವೆ ಕಿಣಿಕಿಣಿ ಎನ್ನುವುದನ್ನು ತಾಳಲಾರದೆ ಅದರ ಸದ್ದು ನಿಲ್ಲಿಸಿದೆ. ಬೆಳಗ್ಗೆ ತೆಗೆದು ನೋಡುವುದೂ ನಿಧಾನವಾಗಿ ತಪ್ಪಿತು.

2024ರ ಜುಲೈ ಕೊನೆಗೆ ನಮ್ಮ ಶಾಲೆಯಲ್ಲಿ ಆನ್‌ಲೈನ್ ಮೋಸಗಳ ಬಗ್ಗೆ ಒಂದು ಉಪನ್ಯಾಸವಾಯಿತು. ಹೆದರಿ ಅಂದೇ ರಾತ್ರಿ ನನ್ನ ಇಮೇಲ್ ಪಾಸ್‌ವರ್ಡ್ ಬದಲಿಸಿದೆ. ಜಾಣತನ ಮಾಡಿದೆನೆಂದು ಹೆಮ್ಮೆಪಟ್ಟೆ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು, ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಸುದ್ದಿ ತಿಳಿದ ಕೂಡಲೇ ನನಗೆ ನೆನಪಾದದ್ದು ಹೊಳೆಯ ದಂಡೆಯ ಕಂಪ್ಲಿ. ಬೆಳಗಾಗುವುದರೊಳಗೆ ಫೋನ್ ಮಾಡಿದೆ.

‘ಮನೀತನಕ ನೀರು ಬಂದಿಲ್ಲವ್ವಾ, ಹೆದರಬ್ಯಾಡ’ ಎಂದಳು ಅವ್ವ. ‘ಈ ಕಾಲೊಂದು ನೆಲಕ್ಕೆ ಊರಾಕೆ ಬರವಲ್ದು, ಅದಕ್ಕ ಯೋಚನಿ.’

‘ಯಾವ ಕಾಲು?’

‘ಬಚ್ಚಲದಾಗ ಬಿದ್ದು ಎಂಟು ದಿನ ಆತಲ್ಲ. ನೀ ನೋಡಿಲ್ಲೇನು?’

ನನ್ನ ಬಾಯಿಂದ ಮಾತು ಹೊರಡಲಿಲ್ಲ. ‘ಹೇಳಬಾರದೇನವ್ವಾ?’ ಎಂದದ್ದಕ್ಕೆ ಅವಳೆಂದಳು: ‘ಹೇಳೋದೇನು, ಕುಂಟೋದು ನಿನಗ ಕಾಣ್ತಿರ್ತೈತಲ್ಲ. ಸಾಲಿ ಇರ್ತೈತಿ, ಬರಾಕ ಆಗಿಲ್ಲ ಅನ್ಕೊಂಡೆ.’ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಂದು ಭಾನುವಾರ. ಮೊದಲ ಬಸ್ಸಿಗೆ ಹೋದೆ. ಪಾದ ಊದಿಕೊಂಡಿತ್ತು, ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಪಕ್ಕದ ಮನೆಯ ಹುಡುಗಿ ಎಂಟು ದಿನ ರೊಟ್ಟಿ ಪಲ್ಯ ತಂದುಕೊಟ್ಟು, ಎಣ್ಣೆ ಹಚ್ಚಿದ್ದಳು. ಅವಳಿಗೆ ಕ್ಯಾಮೆರಾ ಬೇಕಾಗಿರಲಿಲ್ಲ. ಅಂಗಳಕ್ಕೆ ನೀರು ಬೀಳದ್ದನ್ನು ನೋಡಿ ಒಳಗೆ ಬಂದಿದ್ದಳು.

ನಾನು ಸಂಡೂರಿನಲ್ಲಿ ಪಾಠ ಹೇಳುತ್ತಿದ್ದಾಗಿನ ಶಿಷ್ಯನೊಬ್ಬ ಈಗ ಕ್ಯಾಮೆರಾ ಹಾಕುವ ಕೆಲಸ ಮಾಡುತ್ತಾನೆ. ಅವನನ್ನು ಕರೆಸಿದೆ. ‘ಮೊದಲು ಯಾವುದು ಕೆಟ್ಟಿಲ್ಲ ಅಂತ ನೋಡ್ಬೇಕ್ರಿ ಮೇಡಂ’ ಎಂದ. ಫೋನಿನಲ್ಲಿ ಪಡಸಾಲೆ ಕಾಣುತ್ತಿತ್ತು, ಅಂದರೆ ಕರೆಂಟೂ ಇಂಟರ್‌ನೆಟ್ಟೂ ಸರಿ. ಮೆಮೊರಿ ಕಾರ್ಡಿನಲ್ಲಿ ದೃಶ್ಯಗಳಿದ್ದವು, ಅಂದರೆ ಕಣ್ಣೂ ಸರಿ. ನನ್ನ ಇಮೇಲಿನ ಸ್ಪ್ಯಾಮ್ ಡಬ್ಬಿ ನೋಡಿದ, ಜಾಗ ತುಂಬಿದೆಯೇ ನೋಡಿದ, ಕ್ಯಾಮೆರಾದ ತಾರೀಖು, ಗಂಟೆ ನೋಡಿದ. ಕೊನೆಗೆ ‘ಟೆಸ್ಟ್’ ಎಂಬ ಗುಂಡಿ ಒತ್ತಿದ. ಕಳಿಸಲಾಗಲಿಲ್ಲ ಎಂದು ಬಂತು.

‘ಪಾಸ್‌ವರ್ಡ್ ಬದಲು ಮಾಡಿದ್ರೇನ್ರಿ?’

ಅವನು ಬಿಡಿಸಿ ಹೇಳಿದ. 2022ರ ಮೇ 30ರಿಂದ ಗೂಗಲ್‌ನವರು ಇಂಥ ಉಪಕರಣಗಳಿಗೆ ನಮ್ಮ ಮಾಮೂಲಿ ಪಾಸ್‌ವರ್ಡ್ ಒಂದರಿಂದಲೇ ಜಿಮೇಲ್‌ಗೆ ಪ್ರವೇಶ ಕೊಡುವುದನ್ನು ನಿಲ್ಲಿಸಿದರು. ಎರಡು ಹಂತದ ಪರಿಶೀಲನೆ ಹಾಕಿಕೊಂಡು, ಕ್ಯಾಮೆರಾಕ್ಕೆಂದೇ ಹದಿನಾರು ಅಕ್ಷರದ ಬೇರೊಂದು ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು. ನಾವು ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಅದು ತಾನಾಗಿ ರದ್ದಾಗುತ್ತದೆ. ಕಳ್ಳರು ಬಾರದಿರಲೆಂದು ಬೀಗ ಬದಲಿಸಿದವಳು ನಾನೇ. ನನ್ನ ಕಾವಲುಗಾರನ ಕೈಯಲ್ಲಿ ಹಳೇ ಕೀಲಿಕೈ ಉಳಿದಿತ್ತು. ಹುಡುಗ ಹೊಸ ಪಾಸ್‌ವರ್ಡ್ ಪಡೆದು, ಅಕ್ಷರಗಳ ನಡುವೆ ಜಾಗ ಬಿಡದೆ ತುಂಬಿ, ಮತ್ತೆ ಗುಂಡಿ ಒತ್ತಿದ. ಇಮೇಲ್ ಬಂತು. ಹತ್ತು ನಿಮಿಷದ ಕೆಲಸ.

ಅವನು ಹೋದ ಮೇಲೆ ಕಾರ್ಡಿನಲ್ಲಿದ್ದುದನ್ನು ಒಬ್ಬಳೇ ನೋಡಿದೆ. ಬಿದ್ದ ಮೂರನೇ ದಿನ ಅವ್ವ ಗೋಡೆ ಹಿಡಿದು ಪಡಸಾಲೆಗೆ ಬರುತ್ತಾಳೆ. ಕ್ಯಾಮೆರಾದ ಕೆಳಗೆ ನಿಂತು, ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ನೋಡುತ್ತಾಳೆ. ಸೀರೆಯನ್ನು ಒಂದಿಷ್ಟು ಮೇಲೆತ್ತಿ ಪಾದ ತೋರಿಸುತ್ತಾಳೆ. ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುತ್ತಾಳೆ.

ತಪ್ಪು ಯಾರದು? ಪಾಸ್‌ವರ್ಡಿನದೆಂದರೆ ಸುಲಭ. ಆದರೆ ಎಂಟು ದಿನ ಇಮೇಲ್ ಬಂದಿಲ್ಲ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲವಲ್ಲ! ಮಗಳು ನೋಡುತ್ತಿದ್ದಾಳೆಂದು ಅವ್ವ ಸುಮ್ಮನಿದ್ದಳು. ಏನಾದರೂ ಆದರೆ ತಿಳಿಯುತ್ತದೆಂದು ನಾನು ಸುಮ್ಮನಿದ್ದೆ. ನನ್ನ ಜವಾಬ್ದಾರಿಯನ್ನು ಗೋಡೆಗೆ ನೇತುಹಾಕಿ, ಅದು ಅಲ್ಲಿಯೇ ಇದೆಯೇ ಎಂದು ತಿರುಗಿ ನೋಡಿರಲಿಲ್ಲ.

ಹಿಂದೊಮ್ಮೆ ಮಕ್ಕಳನ್ನು ಹಂಪಿಗೆ ಕರೆದೊಯ್ದಾಗ, ರಾಣಿವಾಸದ ಆವರಣದ ಕಾವಲು ಗೋಪುರ ನೋಡಿ ಒಬ್ಬ ಹುಡುಗಿ ಕೇಳಿದ್ದಳು: ‘ಮೇಲಿದ್ದವರು ನಿದ್ದೆ ಹೋದರೆ ಕೆಳಗಿದ್ದವರಿಗೆ ಹೇಗೆ ಗೊತ್ತಾಗ್ತಿತ್ತು ಮಿಸ್?’ ಅಂದು ನಕ್ಕು ಮುಂದೆ ಹೋಗಿದ್ದೆ. ಉತ್ತರ ನಮ್ಮ ಬೀದಿಯಲ್ಲೇ ಇತ್ತು. ರಾತ್ರಿ ಗೂರ್ಖಾ ಸೀಟಿ ಊದುತ್ತಾ, ಕೋಲು ಕುಟ್ಟುತ್ತಾ ಹೋಗುತ್ತಿದ್ದನಲ್ಲ, ಅದು ಕಳ್ಳ ಬಂದ ಎಂದಲ್ಲ. ನಾನು ಎಚ್ಚರವಾಗಿದ್ದೇನೆ ಎಂದು. ಒಂದು ರಾತ್ರಿ ಸೀಟಿ ಕೇಳದಿದ್ದರೆ ಬೀದಿಯೇ ವಿಚಾರಿಸುತ್ತಿತ್ತು. ಅಪಾಯ ಬಂದಾಗ ಮಾತ್ರ ಮಾತಾಡುವ ಕಾವಲುಗಾರ ಸತ್ತುಹೋದರೂ ಮೌನವಾಗಿಯೇ ಇರುತ್ತಾನೆ. ಸುದ್ದಿ ಇಲ್ಲ ಎಂಬುದನ್ನೇ ಸುಖ ಎಂದು ಓದುವುದು ನಮ್ಮ ಸೋಮಾರಿತನ. ಸರಪಳಿ ಕಡಿಯುವ ಹಿಂದಿನ ದಿನವೂ ನಮ್ಮ ಅಣೆಕಟ್ಟೆ ಎಂದಿನಂತೆಯೇ ಕಾಣುತ್ತಿತ್ತು.

ಕ್ಯಾಮೆರಾ ಬೇಡವೆಂದು ನಾನು ಹೇಳುವುದಿಲ್ಲ. ದೂರದಲ್ಲಿರುವ ಮಕ್ಕಳಿಗೆ ಅದೊಂದು ಧೈರ್ಯ. ಅವ್ವನನ್ನು ಕೇಳಿಯೇ ಅದನ್ನು ಬಾಗಿಲ ಕಡೆ ತಿರುಗಿಸಿದ್ದೇವೆ. ಈಗ ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಕೂಡುತ್ತಾಳೆ. ಪ್ರತಿ ಭಾನುವಾರ ನಾನು ಆ ‘ಟೆಸ್ಟ್’ ಗುಂಡಿ ಒತ್ತಿ ಇಮೇಲ್ ಬಂತೇ ಎಂದು ನೋಡುತ್ತೇನೆ. ಬೆಕ್ಕು, ಕಾಗೆಗಳಿಗೆ ಕೂಗದಂತೆ ಹುಡುಗ ಅದರ ಸೂಕ್ಷ್ಮತೆಯನ್ನೂ ತಗ್ಗಿಸಿದ್ದಾನೆ.

ರಾತ್ರಿ ಎಂಟೂವರೆಗೆ ಫೋನ್ ಮಾಡುತ್ತೇನೆ. ಬಹಳ ಮಾತೇನಿರುವುದಿಲ್ಲ. ‘ಉಂಡೇನವ್ವಾ?’ ‘ಉಂಡೆ. ನೀನು?’ ಅಷ್ಟೇ.

ಮೊನ್ನೆ ಉತ್ತರಪತ್ರಿಕೆ ತಿದ್ದುತ್ತಾ ಒಂಬತ್ತೂಕಾಲಾಯಿತು. ಫೋನ್ ಹೊಡೆಯಿತು. ಅವ್ವನೇ.

‘ಇವತ್ತು ನಿನ್ನ ಫೋನ್ ಬರಲಿಲ್ಲ. ಮೈಯಾಗ ಹುಷಾರದಿ ಇಲ್ಲೋ?’