ಹಾರಿಸಿದ್ದು ಯಂತ್ರ, ಉತ್ತರಿಸಬೇಕಾದವರು ಯಾರು?

ಮದುವೆ ಹಾಲ್‌ನ ಅಂಗಳದಲ್ಲಿ ಇಂದು ಒಂದು ದೃಶ್ಯ ಸಾಮಾನ್ಯವಾಗಿಬಿಟ್ಟಿದೆ. ನಿಕಾಹ್ ಮುಗಿದು ಮದುಮಗ ಹೊರಬರುತ್ತಿದ್ದಂತೆ ತಲೆಯ ಮೇಲೆ ಜೇನುಹುಳುಗಳ ಝೇಂಕಾರದಂತಹ ಸದ್ದು ಕೇಳಿಸುತ್ತದೆ. ಮಕ್ಕಳು ಕತ್ತೆತ್ತಿ ಕುಣಿಯುತ್ತಾರೆ. ಡ್ರೋನ್ ಹಾರಿಸುವ ಯುವಕ ಪರದೆಯ ಮೇಲೆ ಮದುಮಗನ ಸುತ್ತ ಬೆರಳಿನಿಂದ ಒಂದು ಚೌಕ ಎಳೆಯುತ್ತಾನೆ. ಅಷ್ಟೇ, ಆಮೇಲೆ ಕ್ಯಾಮೆರಾ ತಾನಾಗಿಯೇ ಮದುಮಗನನ್ನು ಹಿಂಬಾಲಿಸುತ್ತದೆ. ಯುವಕನ ಕೈ ಬಿಡುವಾಗಿದೆ. ಅವನು ಪಕ್ಕದವರೊಡನೆ ಹರಟುತ್ತಾನೆ, ಚಹಾ ಕುಡಿಯುತ್ತಾನೆ.

ಆ ಯಂತ್ರ ತಂತಿಗೆ ತಾಗಿ, ಕೆಳಗೆ ಕುಣಿಯುತ್ತಿದ್ದ ಮಗುವೊಂದರ ಮೇಲೆ ಬಿತ್ತೆಂದು ಊಹಿಸಿಕೊಳ್ಳಿ. ಬೀಳಿಸಿದವರು ಯಾರು? 'ನಾನೇನೂ ಮಾಡಿಲ್ಲ, ಅದೇ ಹಾರುತ್ತಿತ್ತು' ಎಂದು ಯುವಕ ಹೇಳಿದರೆ ಅದು ಸುಳ್ಳಲ್ಲ. ಆ ಕ್ಷಣದಲ್ಲಿ ಅವನ ಬೆರಳು ಯಾವ ಗುಂಡಿಯ ಮೇಲೂ ಇರಲಿಲ್ಲ. ಆದರೆ ಈ ಸತ್ಯ ಅವನನ್ನು ಹೊಣೆಯಿಂದ ಬಿಡಿಸುತ್ತದೆಯೇ? ಇದು ಡ್ರೋನ್ ಇದ್ದವರ ಪ್ರಶ್ನೆ ಮಾತ್ರವಲ್ಲ. ನಮ್ಮ ಕೆಲಸಗಳನ್ನು ಒಂದೊಂದಾಗಿ ಯಂತ್ರಗಳಿಗೆ ಒಪ್ಪಿಸುತ್ತಿರುವ ಈ ಕಾಲದಲ್ಲಿ ಇದು ನಮ್ಮೆಲ್ಲರ ಪ್ರಶ್ನೆ.

ಸ್ವಯಂಚಾಲಿತ ಹಾರಾಟ ಕೆಟ್ಟದ್ದೆಂದು ಇಲ್ಲಿ ವಾದಿಸುತ್ತಿಲ್ಲ. ಬೀಸುವ ಗಾಳಿಯಲ್ಲೂ ಜಿಪಿಎಸ್ ನೆರವಿನಿಂದ ಒಂದೇ ಕಡೆ ನಿಲ್ಲುವುದು, ಸಂಪರ್ಕ ಕಡಿದಾಗ ಅಥವಾ ಬ್ಯಾಟರಿ ತಗ್ಗಿದಾಗ ಹೊರಟಲ್ಲಿಗೆ ಮರಳುವುದು, ಇವೆಲ್ಲ ನಿಜಕ್ಕೂ ಉಪಕಾರಿ ಸೌಲಭ್ಯಗಳು. ಕೈ ಪಳಗದವನು ಇವನ್ನೆಲ್ಲ ಬದಿಗಿಟ್ಟು ಜಾಣ್ಮೆ ತೋರಿಸಲು ಹೊರಟರೆ ಅದೇ ದೊಡ್ಡ ತಪ್ಪಾದೀತು. ಆದ್ದರಿಂದ ಪ್ರಶ್ನೆ ಇರುವುದು ಯಂತ್ರದ ಬಳಕೆಯ ಬಗ್ಗೆ ಅಲ್ಲ, ಬಳಸುವವನ ಮನಸ್ಸಿನ ಬಗ್ಗೆ.

ಯಂತ್ರಕ್ಕೆ ಗೊತ್ತಿರುವುದೆಷ್ಟು?

'ರಿಟರ್ನ್ ಟು ಹೋಮ್' ಎಂಬ ಗುಂಡಿಯನ್ನೇ ನೋಡಿ. ಮನೆಗೆ ಮರಳು ಎಂದು ಅದರ ಅರ್ಥ. ಆದರೆ ಯಂತ್ರಕ್ಕೆ ಮನೆ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹೊರಡುವಾಗ ಗುರುತು ಹಾಕಿಕೊಂಡ ಒಂದು ಬಿಂದು ಮಾತ್ರ. ಚಲಿಸುವ ದೋಣಿಯಿಂದ ಹಾರಿಸಿ ಆ ಬಿಂದುವನ್ನು ಬದಲಿಸದಿದ್ದರೆ, ದೋಣಿ ಮುಂದೆ ಹೋಗಿರುತ್ತದೆ, ಡ್ರೋನ್ ಬಂದು ನೀರಿನ ಮೇಲೆ ಇಳಿಯುತ್ತದೆ. ಮರಳುವಾಗ ಅದು ನೀವು ಮೊದಲೇ ನಿಗದಿಪಡಿಸಿದ ಎತ್ತರಕ್ಕೆ ಏರಿ ನೇರವಾಗಿ ಬರುತ್ತದೆ. ನೀವು 30 ಮೀಟರ್ ಎಂದು ಇಟ್ಟಿದ್ದು, ದಾರಿಯಲ್ಲಿ 40 ಮೀಟರಿನ ಮೊಬೈಲ್ ಗೋಪುರವಿದ್ದರೆ, ತಡೆಗಳನ್ನು ಗುರುತಿಸುವ ಸೆನ್ಸರ್ ಇಲ್ಲದ ಯಂತ್ರ ನಿಮ್ಮ ಆಜ್ಞೆಯನ್ನು ಪಾಲಿಸುತ್ತಲೇ ಗೋಪುರಕ್ಕೆ ಬಡಿಯುತ್ತದೆ. ಸೆನ್ಸರ್ ಇದ್ದರೂ ತೆಳು ತಂತಿ, ಗಾಜು, ಎಲೆ ಉದುರಿದ ಕೊಂಬೆ ಅದಕ್ಕೆ ಕಾಣದೇ ಹೋಗಬಹುದು. ಮಬ್ಬು ಬೆಳಕಿನಲ್ಲಿ ಅದರ ದೃಷ್ಟಿ ಇನ್ನೂ ಕುಂದುತ್ತದೆ. ನಮ್ಮ ಮದುವೆಗಳ ಚಿತ್ರೀಕರಣವೋ, ಎಷ್ಟೋ ಸಲ ಸಂಜೆಯ ಹೊತ್ತಿನಲ್ಲಿ, ಬಣ್ಣದ ದೀಪಗಳ ತಂತಿಗಳ ನಡುವೆಯೇ ನಡೆಯುತ್ತದೆ!

ಆ್ಯಪ್‌ನಲ್ಲಿ ನಕ್ಷೆಯ ಮೇಲೆ ದಾರಿ ಗುರುತಿಸಿ ಡ್ರೋನನ್ನು ಕಳುಹಿಸುವ ಕ್ರಮವೂ ಇದೆ. ಇದರಲ್ಲಿ ಎತ್ತರವನ್ನು ಸಾಮಾನ್ಯವಾಗಿ ಅಳೆಯುವುದು ಹಾರಿಸಿದ ಜಾಗದಿಂದಲೇ ಹೊರತು ಅದರ ಕೆಳಗಿರುವ ನೆಲದಿಂದಲ್ಲ. ಕಣಿವೆಯಲ್ಲಿ ನಿಂತು 40 ಮೀಟರ್ ಎಂದು ಗುರುತಿಸಿದರೆ, ಎದುರಿನ ಗುಡ್ಡ 50 ಮೀಟರ್ ಇರಬಹುದು. ಕಳೆದ ತಿಂಗಳು ಸುರಕ್ಷಿತವಾಗಿದ್ದ ದಾರಿಯಲ್ಲಿ ಈ ತಿಂಗಳು ಕಟ್ಟಡದ ಕ್ರೇನ್ ಎದ್ದು ನಿಂತಿರಬಹುದು. ಆ್ಯಪ್ ಹಳೆಯ ದಾರಿಯನ್ನು ಚಾಚೂ ತಪ್ಪದೆ ನೆನಪಿಟ್ಟುಕೊಂಡಿರುತ್ತದೆ. ಹೊಸ ಕ್ರೇನ್ ಬಗ್ಗೆ ಅದಕ್ಕೆ ಹೇಳುವವರು ಯಾರು?

ಲಾಸ್ ಏಂಜಲೀಸ್‌ನ ಪಾಠ

2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಪ್ರದೇಶ ಕಾಳ್ಗಿಚ್ಚಿನಿಂದ ಹೊತ್ತಿ ಉರಿಯುತ್ತಿತ್ತು. ಸಮುದ್ರದಿಂದ ನೀರು ಮೊಗೆದು ಬೆಂಕಿಯ ಮೇಲೆ ಸುರಿಯುವ 'ಸೂಪರ್ ಸ್ಕೂಪರ್' ವಿಮಾನಗಳು ಕೆನಡಾದ ಕ್ವಿಬೆಕ್‌ನಿಂದ ಬಂದಿದ್ದವು. ಡ್ರೋನ್ ಹಾರಾಟಕ್ಕೆ ಅಲ್ಲಿ ನಿರ್ಬಂಧವಿತ್ತು. ಜನವರಿ 9ರಂದು ಒಬ್ಬ ವ್ಯಕ್ತಿ ಸಾಂತಾ ಮೋನಿಕಾದ ವಾಹನ ನಿಲುಗಡೆಯ ಕಟ್ಟಡವೊಂದರ ಮೇಲಿನಿಂದ, ಬೆಂಕಿಯ ಹಾನಿಯನ್ನು ನೋಡಲೆಂದು ಡ್ರೋನ್ ಹಾರಿಸಿದ. ಅದು 2,500 ಮೀಟರಿಗೂ ಹೆಚ್ಚು ದೂರ ಹೋಗಿ ಅವನ ಕಣ್ಣಿಗೆ ಕಾಣದಾಯಿತು. ಮರುಕ್ಷಣಗಳಲ್ಲಿ ಅದು ಬೆಂಕಿ ಆರಿಸುತ್ತಿದ್ದ ವಿಮಾನಕ್ಕೆ ಬಡಿಯಿತು. ವಿಮಾನದ ಎಡರೆಕ್ಕೆಯಲ್ಲಿ ಸುಮಾರು 3 ಅಂಗುಲ ಅಗಲ, 6 ಅಂಗುಲ ಉದ್ದದ ತೂತು. ಅದೃಷ್ಟವಶಾತ್ ಒಳಗಿದ್ದ ಇಬ್ಬರೂ ಕ್ಷೇಮವಾಗಿ ನೆಲಕ್ಕಿಳಿದರು. ಆದರೆ ಊರು ಉರಿಯುತ್ತಿದ್ದಾಗಲೇ ಆ ವಿಮಾನ ದುರಸ್ತಿಗಾಗಿ ನಿಲ್ಲಬೇಕಾಯಿತು. ದುರಸ್ತಿಯ ವೆಚ್ಚ 65 ಸಾವಿರ ಡಾಲರ್ ಮೀರಿತು.

ಆ ವ್ಯಕ್ತಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಆದರೆ ಅವನ ವಕೀಲರು ಹೇಳಿದ ಒಂದು ಮಾತು ನಾವು ಯೋಚಿಸಬೇಕಾದದ್ದು. ನಿಷೇಧಿತ ವಲಯಕ್ಕೆ ಹೋಗದಂತೆ ತಡೆಯುವ ವ್ಯವಸ್ಥೆ ಡ್ರೋನಿನಲ್ಲೇ ಇದೆಯೆಂದು ಅವನು ನಂಬಿದ್ದ, ಆ ವ್ಯವಸ್ಥೆ ಕೈಕೊಟ್ಟಿತು ಎಂದು ಅವರು ವಾದಿಸಿದರು. ಅಂದರೆ, 'ಯಂತ್ರ ತಡೆಯಲಿಲ್ಲ, ಹಾಗಾಗಿ ನಾನು ಹೋದೆ' ಎಂದಾಯಿತು. ಕಾವಲುಗಾರ ನಿದ್ರಿಸಿದ್ದರಿಂದ ತೋಟಕ್ಕೆ ನುಗ್ಗಿದೆ ಎನ್ನುವವನ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಈ ಘಟನೆಯ ಕೆಲವೇ ದಿನಗಳ ನಂತರ, ಡ್ರೋನ್ ತಯಾರಕರಾದ ಡಿಜೆಐ ಸಂಸ್ಥೆ ಅಮೆರಿಕದಲ್ಲಿ ಅಂತಹ ಸ್ವಯಂ ತಡೆಯನ್ನು ತೆಗೆದು ಎಚ್ಚರಿಕೆಯ ಸಂದೇಶಗಳನ್ನು ಮಾತ್ರ ಉಳಿಸುವುದಾಗಿ ಪ್ರಕಟಿಸಿತು. ತೀರ್ಮಾನ ಮತ್ತೆ ಹಾರಿಸುವವನ ಕೈಗೇ ಬಂತು.

ಕೆಲಸ ಬೇರೆ, ಹೊಣೆ ಬೇರೆ

'ನನ್ನ ಕೈಯಲ್ಲಿ ಇಲ್ಲದ್ದಕ್ಕೆ ನಾನು ಹೇಗೆ ಹೊಣೆ?' ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ನಿಮ್ಮ ಕಾರನ್ನು ಒಬ್ಬ ಚಾಲಕನಿಗೆ ಒಪ್ಪಿಸಿದರೆ ಹೊಣೆಯಲ್ಲಿ ಅವನಿಗೂ ಪಾಲಿದೆ. ಏಕೆಂದರೆ ಅವನಿಗೆ ಬುದ್ಧಿಯಿದೆ, ಮನಸ್ಸಾಕ್ಷಿಯಿದೆ, ಕೇಳಿದರೆ ಉತ್ತರಿಸಬಲ್ಲ. ಆ್ಯಪ್‌ಗೆ ಇವು ಯಾವುವೂ ಇಲ್ಲ. ಉತ್ತರಿಸಲಾರದ್ದಕ್ಕೆ ಕೆಲಸ ಒಪ್ಪಿಸಬಹುದು, ಹೊಣೆ ಒಪ್ಪಿಸಲಾಗದು. ಅದು ತಿರುಗಿ ಮನುಷ್ಯನ ಬಳಿಗೇ ಬರುತ್ತದೆ. ತಯಾರಕನ ದೋಷವಿದ್ದರೆ ಅವನು ಅದಕ್ಕೆ ಉತ್ತರಿಸಲಿ. ಆದರೆ ಅವನ ಪಾಲು ನಿಮ್ಮ ಅಜಾಗ್ರತೆಯ ಪಾಲನ್ನು ಕಡಿಮೆ ಮಾಡುವುದಿಲ್ಲ.

ಎಲ್ಲ ಎಚ್ಚರಿಕೆ ವಹಿಸಿದ ಮೇಲೂ ಅನಾಹುತವಾದರೆ? ಇಲ್ಲಿ ಇಸ್ಲಾಮೀ ಕರ್ಮಶಾಸ್ತ್ರದ ಒಂದು ಸೂಕ್ಷ್ಮ ನೆರವಿಗೆ ಬರುತ್ತದೆ. ಉದ್ದೇಶವಿಲ್ಲದೆ ಒಬ್ಬನ ಕೈಯಿಂದ ಇನ್ನೊಬ್ಬನ ಜೀವ ಹೋದರೆ ಅದನ್ನು ಬೇಕೆಂದೇ ಮಾಡಿದ ಕೊಲೆಯೆಂದು ಎಣಿಸುವುದಿಲ್ಲ. ಆದರೂ ಸತ್ತವನ ಮನೆಯವರಿಗೆ ಪರಿಹಾರ ಸಲ್ಲಬೇಕು. ಪಾಪವನ್ನು ಅಳೆಯುವುದು ಉದ್ದೇಶದಿಂದ, ನಷ್ಟವನ್ನು ಅಳೆಯುವುದು ನೊಂದವರ ಗಾಯದಿಂದ. 'ನನ್ನ ಉದ್ದೇಶ ಒಳ್ಳೆಯದಿತ್ತು' ಎಂಬುದು ನಿಮ್ಮ ಮತ್ತು ಅಲ್ಲಾಹನ ನಡುವಿನ ಮಾತು. ಗಾಯಗೊಂಡ ಮಗುವಿನ ತಾಯಿಗೆ ಅದು ಉತ್ತರವಾಗದು. ಒಂಟೆಯನ್ನು ಕಟ್ಟದೆ ಬಿಟ್ಟು ಭರವಸೆ ಇಡಬಹುದೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಏನು ಕಲಿಸಿದರೆಂದು ನಮಗೆಲ್ಲ ಗೊತ್ತಿದೆ. ಅಲ್ಲಾಹನ ಮೇಲಿನ ಭರವಸೆಯೇ ನಮ್ಮನ್ನು ಎಚ್ಚರಿಕೆಯಿಂದ ಬಿಡಿಸದಿದ್ದರೆ, ಆ್ಯಪ್‌ನ ಮೇಲಿನ ಭರವಸೆ ಬಿಡಿಸೀತೇ?

ಬೀಳುವುದೊಂದೇ ಹಾನಿಯಲ್ಲ. ಮದುಮಗನನ್ನು ಹಿಂಬಾಲಿಸುವ ಕ್ಯಾಮೆರಾ ನೆರೆಮನೆಯ ಹಿತ್ತಿಲ ಮೇಲಿಂದಲೂ ಹಾದು ಹೋಗುತ್ತದೆ. ಅಲ್ಲಿ ಬಟ್ಟೆ ಒಣಗಿಸುತ್ತಿರುವ ಹೆಂಗಸರನ್ನೂ ಅದು ಸೆರೆಹಿಡಿಯುತ್ತದೆ. ಬಾಗಿಲಲ್ಲಿ ನಿಂತು ಸಲಾಂ ಹೇಳಿ, ಅನುಮತಿ ಸಿಕ್ಕ ಮೇಲೆಯೇ ಒಳಗೆ ಹೋಗಬೇಕೆಂದು ಕಲಿತವರು ನಾವು. ಮೇಲಿನಿಂದ ಇಣುಕುವಾಗ ಆ ಶಿಷ್ಟಾಚಾರ ಎಲ್ಲಿ ಹೋಯಿತು? ಯಾರ ಹಿತ್ತಿಲು, ಯಾರ ಅಂಗಳ ಎಂಬುದು ಯಂತ್ರಕ್ಕೆ ತಿಳಿಯದು. ನಿಮಗೆ ತಿಳಿದಿದೆ.

ಹಾಗಾದರೆ ಮಾಡಬೇಕಾದುದೇನು? ಹೊರಡುವ ಮುನ್ನ ವಲಯದ ನಕ್ಷೆ ನೋಡಿ. ಭಾರತದ 2021ರ ಡ್ರೋನ್ ನಿಯಮಗಳು ಆ ಪರಿಶೀಲನೆಯ ಹೊಣೆಯನ್ನು ಹಾರಿಸುವವನ ಮೇಲೆಯೇ ಇಟ್ಟವು. ಸುತ್ತಲಿನ ಅತಿ ಎತ್ತರದ ಮರ, ಗೋಪುರಗಳನ್ನು ಕಣ್ಣಾರೆ ಕಂಡು ಮರಳುವ ಎತ್ತರವನ್ನು ನಿಗದಿಪಡಿಸಿ. ಜನರ ತಲೆಯ ಮೇಲಿಂದ ಹಾರಿಸಬೇಡಿ. ನೆರೆಯವರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ಯಂತ್ರ ತಾನಾಗಿಯೇ ಹಾರುತ್ತಿರುವಾಗಲೂ ಕಣ್ಣು ಅದರ ಮೇಲಿರಲಿ, ಕೈ ರಿಮೋಟಿನ ಮೇಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಖಾಲಿ ಬಯಲಿನಲ್ಲಿ ಕೈಯಿಂದಲೇ ಹಾರಿಸಿ ಅಭ್ಯಾಸ ಮಾಡಿ. ಆ್ಯಪ್ ಕೈಬಿಟ್ಟ ಗಳಿಗೆಯಲ್ಲಿ ನಿಲ್ಲಿಸುವುದು ಹೇಗೆಂದು ತಿಳಿಯದವನು, ಅದನ್ನು ಹಾರಿಸಲು ಇನ್ನೂ ಅರ್ಹನಾಗಿಲ್ಲ.

ಡ್ರೋನ್ ತನ್ನ ಹಾರಾಟವನ್ನು ಕ್ಷಣಕ್ಷಣಕ್ಕೂ ದಾಖಲಿಸಿಕೊಳ್ಳುತ್ತದೆ. ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಯಾರ ಬೆರಳು ಯಾವಾಗ ಏನನ್ನು ಒತ್ತಿತು, ಎಲ್ಲವೂ ಅದರಲ್ಲಿ ಉಳಿಯುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದಾಖಲೆ ಇದೆಯೆಂದು ನಂಬಿದವರು ನಾವು. ಅಂದು ಮಾತಾಡುವುದು ನಮ್ಮ ಕೈಗಳು. ಪರದೆಯ ಮೇಲೆ ಚೌಕ ಎಳೆದು ಹಿಂದೆ ಸರಿದ ಬೆರಳಿಗೂ ಅಂದು ಹೇಳಲು ಏನಾದರೂ ಇದ್ದೇ ಇರುತ್ತದೆ.