ಇನ್ನೊಂದು ಜೊತೆ ಕಣ್ಣು

ನಮ್ಮ ಸಂಶೋಧನಾ ಲೇಖನಗಳನ್ನು ಅಚ್ಚಿಗೆ ಮುನ್ನ ಬೇರೆ ವಿದ್ವಾಂಸರು ಓದುತ್ತಾರೆ. ಅವರ ಕಣ್ಣಿಗೂ ಬೀಳದ ದೋಷವನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಬಹುದು. ಮಗುವಿನ ಮಿದುಳಿಗೆ ಕೊಟ್ಟ ವಿಕಿರಣವನ್ನು ಮಾತ್ರ ಹಿಂದಕ್ಕೆ ಪಡೆಯಲಾಗದು.

ಮೆಡುಲ್ಲೋಬ್ಲಾಸ್ಟೋಮಾ ಮಕ್ಕಳ ಮಿದುಳಿನಲ್ಲಿ ಹುಟ್ಟುವ ಕ್ಯಾನ್ಸರ್. ಇದಕ್ಕೆ ಸಾಮಾನ್ಯವಾಗಿ ಇಡೀ ಮಿದುಳಿಗೂ ಬೆನ್ನುಹುರಿಗೂ ವಿಕಿರಣ ಕೊಡುತ್ತಾರೆ. ಆಗ ಮಗುವಿನ ಕಣ್ಣು ಕಾಪಾಡಲು ವಿಕಿರಣಕ್ಕೆ ಅಡ್ಡಲಾಗಿ ತಡೆ ಇಡುವುದುಂಟು. ಆ ತಡೆ ತುಸು ದೊಡ್ಡದಾದರೆ ಮೂಗಿನ ಮೇಲ್ಭಾಗದ ತೆಳು ಮೂಳೆಗೆ ತಾಗಿದ ಮಿದುಳಿನ ಭಾಗವೂ ಮರೆಯಾಗುತ್ತದೆ. ರೋಗ ಅಲ್ಲಿಂದಲೇ ಮರಳಬಹುದು. ಈ ತಪ್ಪು ಹುಟ್ಟುವುದೇ ಕಾಳಜಿಯಿಂದ; ಅದಕ್ಕೇ ಮಾಡಿದವರಿಗೆ ಅದು ಕಾಣುವುದು ಕಷ್ಟ. ಇಂಥ ದೊಡ್ಡ ಲೋಪಗಳ ಸಂಖ್ಯೆಗೂ ರೋಗ ಮರುಕಳಿಸುವುದಕ್ಕೂ ನಂಟಿದೆಯೆಂದು 1999ರ ಫ್ರೆಂಚ್ ಅಧ್ಯಯನವೊಂದು ತೋರಿಸಿತು. ಯುರೋಪಿನ ‘ಕ್ವಾರ್ಟೆಟ್’ ಯೋಜನೆಯಲ್ಲಿ ಈಗ ಚಿಕಿತ್ಸೆ ಶುರುವಾಗುವ ಮೊದಲೇ ಬೇರೆ ತಜ್ಞರು ಮಗುವಿನ ವಿಕಿರಣದ ನಕ್ಷೆಯನ್ನು ಪರಿಶೀಲಿಸುತ್ತಾರೆ.

ಅನುಭವಿ ವೈದ್ಯರ ಕೆಲಸವನ್ನು ಹೀಗೆ ಪರೀಕ್ಷಿಸುವುದು ಅವರಿಗೆ ಅವಮಾನವಲ್ಲವೇ? ನನಗೆ ಹಾಗನಿಸುವುದಿಲ್ಲ. ಆ ನಕ್ಷೆಯನ್ನು ಮಗು ಓದಲಾರದು, ಅಪ್ಪ ಅಮ್ಮನೂ ಓದಲಾರರು. ಅವರು ಕೇಳಲಾಗದ ಪ್ರಶ್ನೆಯನ್ನು ಅವರ ಪರವಾಗಿ ಯಾರಾದರೂ ಕೇಳಲೇಬೇಕು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆಯೂ ವೈದ್ಯರ ವಿದ್ಯೆಯ ಒಂದು ಭಾಗ.